ಮಾಸ್ತರ ಮಹಾಪ್ರಾಣ

ನಮ್ಮ ಮಾಸ್ತರ ಲೆಕ್ಕದಲ್ಲಿ ವಿಜಯಪುರ ಜಿಲ್ಲೆಯಲ್ಲಿ ಮಹಾಪ್ರಾಣ ನೆಟ್ಟಗೆ ಉಚ್ಚರಿಸುವವರು ಇಬ್ಬರೇ ಇದ್ದರು. ಅದರಲ್ಲಿ ಒಬ್ಬರು ತೀರಿಕೊಂಡರು. ಉಳಿದವರು ಯಾರು ಅಂತ ನಾವು ಕೇಳುವುದಿಲ್ಲ, ಕೇಳದಿದ್ದರೂ ಅವರೇ ಹೇಳುತ್ತಾರೆ. ನಿವೃತ್ತರಾದ ಮೇಲೆ ಸಂಜೆ ಚಹಾದ ಅಂಗಡಿಯಲ್ಲಿ ಕೂತು ನಮ್ಮ ನಾಲಗೆ ತಿದ್ದುವುದೇ ಅವರ ನೌಕರಿ. ಸಂಬಳ ಇಲ್ಲ, ಸೂಟಿಯೂ ಇಲ್ಲ.

ಹೀಗಿರುವಾಗ ಅವರ ತಮ್ಮನ ಮಗಳು ಊರಿಗೆ ಬಂದಳು. ಭಾಷಾಶಾಸ್ತ್ರ ಓದುವ ಹುಡುಗಿ. ಬಾಕಿನ ಮೇಲೆ ಲ್ಯಾಪ್‌ಟಾಪ್ ತೆರೆದು, "ಈ ತಂತ್ರಾಂಶದ ಹೆಸರು ಪ್ರಾಟ್ ಅಂತ್ರಿ ದೊಡ್ಡಪ್ಪ. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದಾಗ ಪಾಲ್ ಬೋರ್ಸ್ಮಾ, ಡೇವಿಡ್ ವೇನಿಂಕ್ ಅಂತ ಇಬ್ಬರು ಮಾಡ್ಯಾರ. ಪುಕ್ಕಟೆ ಸಿಗ್ತದ" ಅಂದಳು.

ಪುಕ್ಕಟೆ ಅಂದದ್ದೇ ತಡ, ವಕೀಲರು ಕುರ್ಚಿ ಎಳೆದುಕೊಂಡು ಹತ್ತಿರ ಬಂದರು. "ಏನ್ ಮಾಡ್ತದವ್ವಾ ಇದು?"

"ನೀವು ಆಡಿದ ಮಾತು ನಿಮ್ಮ ಕಣ್ಣಿಗೆ ತೋರಸ್ತದ್ರಿ."

ಪರದೆಯ ಮೇಲೆ ಕಪ್ಪು-ಬೂದು ಪಟ್ಟೆಗಳು ಮೂಡಿದವು. ಎಡದಿಂದ ಬಲಕ್ಕೆ ಹೊತ್ತು, ಕೆಳಗಿನಿಂದ ಮೇಲಕ್ಕೆ ಹರ್ಟ್ಸ್, ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಅನ್ನೋ ಲೆಕ್ಕ, ಎಲ್ಲಿ ಶಕ್ತಿ ಹೆಚ್ಚೋ ಅಲ್ಲಿ ಕಪ್ಪು. ಸ್ವರಗಳು ಅಡ್ಡಡ್ಡ ಪಟ್ಟೆಯಾಗಿ ಕಾಣುತ್ತವೆ. 'ಸ' ಅಂದರೆ ಮೇಲ್ಗಡೆ ಮಸಿ ಚೆಲ್ಲಿರುತ್ತದೆ. 'ಕ' ಅಂದರೆ ಮೊದಲು ಖಾಲಿ ಜಾಗ, ಆಮೇಲೆ ಒಂದು ನೆಟ್ಟನೆ ಗೆರೆ. 1940ರ ದಶಕದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದವರು ಇಂಥ ಚಿತ್ರ ತೆಗೆಯಲಿಕ್ಕೇ ದೊಡ್ಡದೊಂದು ಯಂತ್ರ ಕಟ್ಟಿದ್ದರು. ಈಗ ಅದು ಹುಡುಗಿಯ ಚೀಲದಲ್ಲಿ ಬರುತ್ತದೆ.

ಚಹಾದವ ಬಗ್ಗಿ ನೋಡಿ, "ನಮ್ಮ ಚಹಾ ಸೋಸೋ ಅರಿವಿ ಇದ್ದಂಗ ಐತಲ್ರಿ" ಅಂದ.

ಮಾಸ್ತರು ಗಂಟಲು ಸರಿಮಾಡಿಕೊಂಡರು. "ಹಂಗಾರ ನನ್ನ ಮಹಾಪ್ರಾಣ ಇದರಾಗ ಹಿಡಿ. ಈ ಮಂದಿಗೆ ಒಮ್ಮೆ ಸಾಕ್ಷಿ ಸಿಗಲಿ."

ದನಿ ಎಲ್ಲಿ ಮುದ್ರಿಸುವುದು? ಮೈಕ್‌ಸೆಟ್ ಬಾಡಿಗೆ ಕೊಡುವ ನಮ್ಮ ಕಾಕಾ ತೊಡೆ ತಟ್ಟಿದರು. "ಗೋಳಗುಮ್ಮಟ ಇರಬೇಕಾದ್ರ ಬ್ಯಾರೆ ಕಡೆ ಯಾಕ? ಒಂದ್ಸಲ ಅಂದ್ರ ಏಳು ಸಲ ಕೇಳ್ತದ. ಒಂದರ ರೊಕ್ಕದಾಗ ಏಳು ರೆಕಾರ್ಡಿಂಗ್!"

ಹುಡುಗಿ ತಲೆ ಮೇಲೆ ಕೈ ಇಟ್ಟುಕೊಂಡಳು. ಗುಮ್ಮಟದ ಒಳಗಿನ ಅಡ್ಡಳತೆ ಸುಮಾರು 38 ಮೀಟರ್. ದನಿ ಸೆಕೆಂಡಿಗೆ 340 ಮೀಟರ್ ಚಿಲ್ಲರೆ ಓಡುತ್ತದೆ. ಆಚೆ ಗೋಡೆಗೆ ಹೋಗಿ ಬರಲಿಕ್ಕೆ ಸೆಕೆಂಡಿನ ಐದನೇ ಒಂದು ಪಾಲಿಗಿಂತ ತುಸು ಹೆಚ್ಚು. ಅಷ್ಟರಲ್ಲಿ ಬಾಯಿಂದ ಇನ್ನೊಂದು ಅಕ್ಷರ ಹೊರಬಿದ್ದಿರುತ್ತದೆ. ವಕೀಲರು 'ಮಹಾಸ್ವಾಮಿ' ಅಂದರೆ 'ಹಾ' ಮೇಲೆ 'ಮ' ಬಂದು ಕೂತು, ಯಾವುದು ಯಾರದು ತಿಳಿಯದೆ ದಾವೆ ಹೂಡಬೇಕಾದೀತು. ಪ್ರತಿಧ್ವನಿ ಕೇಳಲಿಕ್ಕೆ ಚೆಂದ, ಅಳೆಯಲಿಕ್ಕೆ ಶನಿ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹ ಅದರ ಕೆಳಗೇ ಮಲಗಿದ್ದಾನೆ. ಮೇಲೆ ಪ್ರವಾಸಿಗರು ಹಾಕುವ ಸಿಳ್ಳೆ, ಕೂಗು ಎಲ್ಲ ಏಳೇಳು ಸಲ ಅವನ ಪಾಲಿಗೆ.

ಕಡೆಗೆ ಮೈಕ್‌ಸೆಟ್ ಕಾಕಾನ ಉಗ್ರಾಣದ ಕೋಣೆ ಗೊತ್ತಾಯಿತು. ಗೋಡೆಗೆಲ್ಲ ಕೌದಿ ಇಳಿಬಿಟ್ಟೆವು, ದನಿ ತಿರುಗಿ ಬರಬಾರದು ಅಂತ. ಫ್ಯಾನ್ ಬಂದ್, ಕಿಟಕಿ ಬಂದ್. ವಿಜಯಪುರದ ಬೇಸಿಗೆಯಲ್ಲಿ ಕೌದಿಯ ನಡುವೆ ಫ್ಯಾನಿಲ್ಲದೆ ಕೂತವರಿಗೇ ವಿಜ್ಞಾನದ ಬೆಲೆ ಗೊತ್ತು. ಕಾಕಾ ತಮ್ಮ ಮಶೀನಿನ ಎಕೋ ಗುಂಡಿ ಸ್ವಲ್ಪ ತಿರುವಿದರು, ಹುಡುಗಿ ಪೂರಾ ಸೊನ್ನೆಗೆ ತಂದಳು. "ಎಕೋ ಇಲ್ಲದ ಮೈಕ್ ಉಪ್ಪಿಲ್ಲದ ಸಾರು" ಅಂತ ಅವರು ಮುನಿಸಿಕೊಂಡು ಮೂಲೆ ಸೇರಿದರು.

ಆಕೆಯ ನಿಯಮಗಳು ಬಿಗಿ. ಮೈಕು ಬಾಯಿಂದ ಒಂದು ಗೇಣು, ಅದೂ ತುಸು ಓರೆಗೆ, ಇಲ್ಲದಿದ್ದರೆ ಉಸಿರು ನೇರ ಬಡಿದು 'ಡಬ್' ಅನ್ನುತ್ತದೆ. ಸೆಕೆಂಡಿಗೆ 44,100 ಸಲ ಅಳತೆ, ಕಡತ ಹಿಂಡಿ ಚಿಕ್ಕದು ಮಾಡದ ವೇವ್ ರೂಪದಲ್ಲಿ. ವಾಟ್ಸಾಪಿನಲ್ಲಿ ಕಳಿಸಿದ ದನಿ ಬೇಡವೇ ಬೇಡ. ಅದು ಚಿಕ್ಕದಾಗುವ ಆತುರದಲ್ಲಿ ಬೇಕಾದದ್ದನ್ನೂ ಬಿಸಾಡಿ ಬಂದಿರುತ್ತದೆ.

"'ಕ' ಅಂದಾಗ ನಾಲಗಿ ಬಿಟ್ಟ ಮ್ಯಾಲ ಗಂಟಲ ತಂತು ನಡುಗಲಿಕ್ಕೆ 20–30 ಮಿಲಿಸೆಕೆಂಡ್ ಸಾಕು. 'ಖ' ಅಂದ್ರ ಅದರ ಎರಡು-ಮೂರು ಪಟ್ಟು ತಡ, ನಡುವ ಬರೀ ಉಸಿರು. ಅದನ್ನ ಅಳೀತೀನಿ. ಹೇಳ್ರಿ ದೊಡ್ಡಪ್ಪ, 'ಖಂಡಿತ'."

ಮಾಸ್ತರು ಹೇಳಿದರು. ಕೌದಿ ಅಲುಗಾಡಿತು. ಗೆರೆಯ ಪಕ್ಕ ಉಸಿರಿನ ಮಸಿ ಮಾರುದ್ದ ಬಂತು. ಮಾಸ್ತರು ಕೋರ್ಟು ಗೆದ್ದವರ ಹಾಗೆ ಹಿಂದಕ್ಕೆ ಒರಗಿದರು.

ಚಹಾ ಬಂತು, ಹರಟೆ ಹತ್ತಿತು. ವಕೀಲರಿಗೆ ಒಂದೇ ಚಿಂತೆ: "ಬೆರಳಚ್ಚಿನಂಗ ಇದನ್ನ ಕೋರ್ಟಿನ್ಯಾಗ ಇಡಬಹುದೇನು?" 1962ರಲ್ಲಿ ಬೆಲ್ ಪ್ರಯೋಗಾಲಯದ ಕರ್ಸ್ಟಾ ಹಾಗೇ ಅಂದಿದ್ದ. ಆದರೆ 1979ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸಮಿತಿ, ಹುಷಾರು ಅಂತ ಎಚ್ಚರಿಸಿತು. ಬೆರಳು ನೆಗಡಿಯಾದರೆ ಬದಲಾಗುವುದಿಲ್ಲ, ದನಿ ಬದಲಾಗುತ್ತದೆ. ಮಾಸ್ತರು ಒಪ್ಪಲಿಲ್ಲ, ತಮ್ಮ ದನಿ ಖಂಡಿತ ಗುರುತು ಸಿಗುತ್ತದೆ, ಖಂಡಿತ ಅಂದರೆ ಖಂಡಿತ ಅಂತ ಮೇಜು ಕುಟ್ಟಿದರು. ಚಹಾದವ ಕಪ್ಪು ಎತ್ತುತ್ತ, "ಖರೇನ್ರಿ?" ಅಂದ.

ಅಷ್ಟೊತ್ತಿಗೆ ಹುಡುಗಿ ನಗಲು ಹತ್ತಿದ್ದಳು. ಮುದ್ರಣ ನಿಂತಿರಲೇ ಇಲ್ಲ!

ತಿರುಗಿಸಿ ನೋಡಿದೆವು. ಜಗಳದಲ್ಲಿ ವಕೀಲರ ದನಿಯ ಏರಿಳಿತದ ಗೆರೆ 120 ಹರ್ಟ್ಸ್‌ನಿಂದ ಏರಿ ಏರಿ, ಒಂದು ಕಡೆ ಒಮ್ಮೆಲೇ ಎರಡು ಪಟ್ಟು ಹಾರಿತ್ತು. "ಇದು ತಂತ್ರಾಂಶ ತಪ್ಪಿದ್ದು, ವಕೀಲ ಕಾಕಾ ಚೀರಿಲ್ಲ. ಅದು ಕೊಟ್ಟ ಅಂಕಿ ಕಣ್ಣು ಮುಚ್ಚಿ ನಂಬಬಾರದು" ಅಂದಳು. ವಕೀಲರಿಗೆ ಸಮಾಧಾನ. ಮಾಸ್ತರಿಗೆ ಆ ಭಾಗ್ಯ ಇರಲಿಲ್ಲ. ಮೇಜು ಕುಟ್ಟಿ ಹೇಳಿದ ಖಂಡಿತಗಳೆಲ್ಲ ಕಂಡಿತಗಳಾಗಿದ್ದವು. ಉಸಿರಿನ ಮಸಿ ಲವಲೇಶ ಇಲ್ಲ. ಆದರೆ ಚಹಾದವನ 'ಖರೇ'ದಲ್ಲಿ 'ಖ' ತುಂಬಿ ತುಳುಕುತ್ತಿತ್ತು. ಶಾಲೆಯ ಕಟ್ಟೆ ಹತ್ತಿದವನಲ್ಲ.

"ಇದೇನ್ ತಪ್ಪಲ್ರಿ ದೊಡ್ಡಪ್ಪ. ಕನ್ನಡದಾಗ ಭಾಳ ಮಂದಿ ಹಗುರಾಗಿ ಮಾತಾಡುವಾಗ ಹಿಂಗೇ ಅಂತಾರ. ಮೈಕ್ ಕಂಡ ಕೂಡ್ಲೇ ಮನಷ್ಯಾ ಬ್ಯಾರೆನೇ ಆಗ್ತಾನ. ಅಮೆರಿಕದ ಭಾಷಾಶಾಸ್ತ್ರಜ್ಞ ಲಬೋವ್ ಇದನ್ನ ಯಾವಾಗೋ ಹೇಳ್ಯಾನ: ನಾವು ನೋಡದಿದ್ದಾಗ ಮಂದಿ ಹ್ಯಾಂಗ ಮಾತಾಡ್ತಾರ ಅಂತ ತಿಳಕೋಬೇಕು, ಆದ್ರ ತಿಳಕೊಳ್ಳಾಕ ನೋಡ್ಲೇಬೇಕು."

"ಅಳಿಸಿಬಿಡು" ಅಂದರು ಮಾಸ್ತರು.

ವಕೀಲರು ಎದ್ದು ನಿಂತರು. "ಅಳಿಸೋದು ಆಮ್ಯಾಲ. ಒಪ್ಪಿಗಿ ಇಲ್ಲದ ಮುದ್ರಣ ಹ್ಯಾಂಗ ಮಾಡಿದಿ?" ಆಕೆ ಚೀಲದಿಂದ ಒಪ್ಪಿಗೆ ಪತ್ರ ತೆಗೆದಳು, ಸಹಿ ಮಾಡಿದವರದು ಉಳಿಯುತ್ತದೆ, ಮಾಡದವರದು ಹೋಗುತ್ತದೆ. ಚಹಾದವ ಪೆನ್ನು ಹಿಡಿದು ತಡೆದ. "ಸಹಿ ಮಾಡ್ತೀನ್ರಿ. ಮೊದಲ ಈ ಚಹಾದ ರೊಕ್ಕ ಯಾರು ಕೊಡ್ತೀರಿ?"

"ನಾ ಕೊಡ್ತೀನಿ, ಖಂಡಿತ" ಅಂದರು ಮಾಸ್ತರು. ನಾವೆಲ್ಲ ಲ್ಯಾಪ್‌ಟಾಪಿನ ಕಡೆ ಬಗ್ಗಿದೆವು.

"ಅದು 'ಖ' ಇರಲಿ, 'ಕ' ಇರಲಿ," ಅಂದ ಚಹಾದವ, "ಐವತ್ತು ರೂಪಾಯಿ ಆತ್ರಿ."