ಮೂರು ಕಿಂಡ್ಲಿನ್ ಇದ್ದರೂ ಒಂದರ ಕೆಲಸ ಇನ್ನೊಂದು ಯಾಕೆ ಮಾಡಲ್ಲ?

ಪ್ರಶ್ನೆ (ಎಂಎಸ್ಸಿ ವಿದ್ಯಾರ್ಥಿನಿ, ಜ್ಞಾನಭಾರತಿ): ಸರ್, ಕಿಂಡ್ಲಿನ್ 1, 2, 3 ಒಂದೇ ಕುಟುಂಬದ ಅಡಾಪ್ಟರ್ ಪ್ರೋಟೀನ್‌ಗಳು. ರಚನೆಯೂ ಹೆಚ್ಚುಕಡಿಮೆ ಒಂದೇ. ಹಾಗಿದ್ದರೆ ಒಂದು ಕೆಟ್ಟಾಗ ಇನ್ನೊಂದು ಯಾಕೆ ನೆರವಿಗೆ ಬರಲ್ಲ?

ಉತ್ತರ (ಜೀವಕೋಶ ಸಂಶೋಧಕ, ಯಲಹಂಕ): ಅಡಾಪ್ಟರ್ ಎಂಜೈಮ್ ಅಲ್ಲ. ಬೇರೆ ಪ್ರೋಟೀನ್‌ಗಳನ್ನು ಒಂದು ಕಡೆ ಸೇರಿಸುವುದೇ ಅದರ ಕೆಲಸ. ಹಾಗಾಗಿ ಅದು ಯಾವ ಕೋಶದಲ್ಲಿದೆ, ಜೊತೆಗೆ ಯಾವ ಪ್ರೋಟೀನ್‌ಗಳಿವೆ ಅನ್ನೋದು ತುಂಬಾ ಮುಖ್ಯ.

ಕೋಶ ತನ್ನ ಸುತ್ತಲಿನ ಮ್ಯಾಟ್ರಿಕ್ಸನ್ನು, ಅಂದರೆ ಕೋಶಗಳ ನಡುವಿನ ಆಧಾರದ ಜಾಲವನ್ನು, ಪೊರೆಯಲ್ಲಿರುವ ಇಂಟೆಗ್ರಿನ್ ಅನ್ನೋ ಪ್ರೋಟೀನ್‌ಗಳಿಂದ ಹಿಡಿದುಕೊಳ್ಳುತ್ತದೆ. ಇಂಟೆಗ್ರಿನ್‌ನ ಬೀಟಾ ಬಾಲ ಕೋಶದ ಒಳಗಿರುತ್ತದೆ. ಆ ಬಾಲದಲ್ಲಿ ಪೊರೆಗೆ ಹತ್ತಿರದ ಜಾಗಕ್ಕೆ ಟ್ಯಾಲಿನ್ ಅನ್ನೋ ಇನ್ನೊಂದು ಪ್ರೋಟೀನ್ ಅಂಟುತ್ತದೆ, ದೂರದ ಜಾಗಕ್ಕೆ ಕಿಂಡ್ಲಿನ್. ಎರಡೂ ಸೇರಿದರೆ ಇಂಟೆಗ್ರಿನ್‌ನ ಹಿಡಿತ ಬಿಗಿಯಾಗುತ್ತದೆ. ಆಮೇಲೆ ಕಿಂಡ್ಲಿನ್ ಪ್ಯಾಕ್ಸಿಲಿನ್ ಮತ್ತು ಐಎಲ್‌ಕೆ ಅನ್ನೋ ಪ್ರೋಟೀನ್‌ಗಳನ್ನು ಅಲ್ಲಿಗೆ ಕರೆತರುತ್ತದೆ. ಕೋಶದೊಳಗೆ ಸಂಕೇತ ಸಾಗಿಸುವ ಎಂಜೈಮ್ ಎಫ್‌ಎಕೆ ಕೈನೇಸ್ ಚುರುಕಾಗುತ್ತದೆ, ಕೋಶಕ್ಕೆ ಆಕಾರ ಕೊಡುವ ಆಕ್ಟಿನ್ ಎಳೆಗಳು ಹೊಸದಾಗಿ ಜೋಡಣೆಯಾಗುತ್ತವೆ, ಕೋಶ ಹರಡಿಕೊಳ್ಳುತ್ತದೆ. ಅಂಟುವುದು ಒಂದು ಅಧ್ಯಾಯ, ಸಂಕೇತ ಇನ್ನೊಂದು ಅಧ್ಯಾಯ ಅಂತ ಓದಿದರೆ ಈ ವಿಷಯ ಕೈಗೆ ಸಿಗಲ್ಲ.

ಕಿಂಡ್ಲಿನ್-1 ಹೆಚ್ಚಾಗಿ ಚರ್ಮದಂಥ ಎಪಿಥೀಲಿಯಂನಲ್ಲಿ, ಅಂದರೆ ಹೊದಿಕೆಯ ಪದರದಲ್ಲಿರುತ್ತದೆ. ಅದು ಕೆಟ್ಟರೆ ಎಳೆತನದಲ್ಲೇ ಮೈಮೇಲೆ ಗುಳ್ಳೆಗಳೇಳುತ್ತವೆ, ಚರ್ಮ ಬಿಸಿಲು ತಡೆಯಲ್ಲ. 1954ರಲ್ಲಿ ಥೆರೆಸಾ ಕಿಂಡ್ಲರ್ ವಿವರಿಸಿದ ಕಾಯಿಲೆ ಇದು. ಅದರ ಜೀನ್ ಸಿಕ್ಕಿದ್ದು 2003ರಲ್ಲಿ. ಚರ್ಮದಲ್ಲಿ ಕಿಂಡ್ಲಿನ್-2 ಕೂಡ ಇದೆ, ಆದರೂ ಕೊರತೆ ಪೂರ್ತಿ ತುಂಬಲ್ಲ. ಕಿಂಡ್ಲಿನ್-2 ದೇಹದ ಬಹಳಷ್ಟು ಕಡೆ ಬೇಕು. ಅದಿಲ್ಲದ ಇಲಿಯ ಭ್ರೂಣ ಗರ್ಭಕೋಶಕ್ಕೆ ಅಂಟುವ ಹೊತ್ತಿಗೇ ಸಾಯುತ್ತದೆ.

ಕಿಂಡ್ಲಿನ್-3 ಮುಖ್ಯವಾಗಿ ರಕ್ತಕಣಗಳದ್ದು. ಡೆಂಗಿ ಬಂದಾಗ ನಾವೆಲ್ಲ ಪ್ಲೇಟ್‌ಲೆಟ್ ಕೌಂಟ್ ಕೇಳುತ್ತೇವೆ ಅಲ್ವಾ? ಕಿಂಡ್ಲಿನ್-3 ಕೆಟ್ಟರೆ ಕೌಂಟ್ ಸರಿ ಇದ್ದೂ ರಕ್ತ ನಿಲ್ಲಲ್ಲ, ಯಾಕೆಂದರೆ ಪ್ಲೇಟ್‌ಲೆಟ್‌ಗಳ ಇಂಟೆಗ್ರಿನ್ ಚುರುಕಾಗುವುದೇ ಇಲ್ಲ. ಬಿಳಿ ರಕ್ತಕಣಗಳೂ ರಕ್ತನಾಳದ ಗೋಡೆಗೆ ಗಟ್ಟಿಯಾಗಿ ಅಂಟಲ್ಲ, ಸೋಂಕಿನ ಜಾಗಕ್ಕೆ ಸರಿಯಾಗಿ ತಲುಪಲ್ಲ. ಈ ಕಾಯಿಲೆಯನ್ನು ಎಲ್‌ಎಡಿ-3 (ಲ್ಯೂಕೋಸೈಟ್ ಅಡ್ಹೀಶನ್ ಡೆಫಿಶಿಯೆನ್ಸಿ, ಬಿಳಿ ರಕ್ತಕಣ ಅಂಟದ ಕೊರತೆ) ಅನ್ನುತ್ತಾರೆ. ನಿಮ್ಮ ಪ್ರಶ್ನೆಗೆ ನೇರ ಉತ್ತರ ಇಲ್ಲಿದೆ: ಆ ಕಣಗಳಲ್ಲಿ ನೆರವಿಗೆ ಬರುವಷ್ಟು ಬೇರೆ ಕಿಂಡ್ಲಿನ್ ಇರುವುದೇ ಇಲ್ಲ.

ಪ್ರಶ್ನೆ (ಗೃಹಿಣಿ, ಬಸವನಗುಡಿ): ಸರ್, ಸೋದರಮಾವನನ್ನು ಮದುವೆಯಾದರೆ ಇಂಥದ್ದು ಜಾಸ್ತೀನಾ?

ಉತ್ತರ: ಹೌದಮ್ಮ, ಸಾಧ್ಯತೆ ಜಾಸ್ತಿ. ಕೆಟ್ಟ ಜೀನ್ ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಕಾಯಿಲೆ ಬರುತ್ತದೆ. ಇಬ್ಬರೂ ವಾಹಕರಾಗಿದ್ದರೆ, ಅಂದರೆ ಕಾಯಿಲೆ ಇಲ್ಲದೆಯೂ ಒಂದೊಂದು ಕೆಟ್ಟ ಜೀನ್ ಹೊತ್ತಿದ್ದರೆ, ಪ್ರತಿ ಮಗುವಿಗೂ 4ರಲ್ಲಿ 1 ಪಾಲು ಸಾಧ್ಯತೆ. ಮನೆಯಲ್ಲಿ ಒಂದು ಮಗುವಿಗೆ ಹೀಗಾಗಿದ್ದರೆ ಮುಂದಿನ ಮಗುವಿಗೆ ಮೊದಲು ಜೆನೆಟಿಕ್ ಕೌನ್ಸೆಲಿಂಗ್ ಮಾಡಿಸಿ, ದಯವಿಟ್ಟು ಮುಂದೂಡಬೇಡಿ. ಎಲ್‌ಎಡಿ-3ಕ್ಕೆ ಅಸ್ಥಿಮಜ್ಜೆ ಕಸಿ ಮಾಡುತ್ತಾರೆ. ಹೊಸ ಮಜ್ಜೆಯಿಂದ ಬರುವ ರಕ್ತಕಣಗಳಲ್ಲಿ ಕಿಂಡ್ಲಿನ್-3 ಇರುತ್ತದೆ.