ಅಬಟ್‌ಮೆಂಟ್ ಪ್ರತಿ ಸಲವೂ ಒಂದೇ ಜಾಗದಲ್ಲಿ ಮುರಿಯುತ್ತಿದೆ: ವ್ಯಾಸ ಹೆಚ್ಚಿಸಬೇಕೆ?

ಪ್ರಶ್ನೆ:
ಕೃತಕ ಕಾಲನ್ನು ತೊಡೆಮೂಳೆಗೆ ನೇರವಾಗಿ ಜೋಡಿಸುವ ಇಂಪ್ಲಾಂಟಿನ ಮಾದರಿಯೊಂದನ್ನು ಪ್ರಯೋಗಾಲಯದಲ್ಲಿ ಫಟೀಗ್ ಪರೀಕ್ಷೆಗೆ (ಹೊರೆಯನ್ನು ಮತ್ತೆ ಮತ್ತೆ ಹಾಕಿ ನೋಡುವ ಪರೀಕ್ಷೆ) ಒಳಪಡಿಸುತ್ತಿದ್ದೇವೆ. ಮೂಳೆಯೊಳಗೆ ಕೂರುವ ಥ್ರೆಡ್ ಇರುವ ಫಿಕ್ಸ್ಚರ್, ಅದರಿಂದ ಚರ್ಮದ ಮೂಲಕ ಹೊರಬರುವ 11 ಮಿ.ಮೀ. ವ್ಯಾಸದ ಅಬಟ್‌ಮೆಂಟ್, ಇವೆರಡನ್ನೂ ಬಿಗಿಯುವ ಸ್ಕ್ರೂ, ಈ ಮೂರೂ ಟೈಟಾನಿಯಂ ಮಿಶ್ರಲೋಹದವು. 50 ನ್ಯೂಟನ್-ಮೀಟರ್ ಬಾಗುವ ಮೊಮೆಂಟಿಗೆ, ತುಂಬು (ಒಳಗೆ ತೂತಿಲ್ಲದ) ಸರಳಿನ ಸೂತ್ರದಂತೆ, ಪ್ರತಿಬಲ (ಲೋಹದೊಳಗಿನ ಒತ್ತಡ) ಸುಮಾರು 380 ಮೆಗಾಪ್ಯಾಸ್ಕಲ್ ಬರುತ್ತದೆ. ಲೋಹದ ಇಳುವರಿ ಮಿತಿ (ಅದು ಶಾಶ್ವತವಾಗಿ ಬಾಗತೊಡಗುವ ಪ್ರತಿಬಲ) 800ರ ಆಸುಪಾಸಿನಲ್ಲಿದ್ದರೂ ಅಬಟ್‌ಮೆಂಟ್ ಫಿಕ್ಸ್ಚರಿನಿಂದ ಹೊರಬರುವ ಕಡೆಯೇ ಮುರಿಯುತ್ತಿದೆ. ಮುರಿದ ಮುಖದ ಒಂದು ಅಂಚು ನುಣುಪಾಗಿದೆ, ಉಳಿದದ್ದು ಒರಟು. ಜೋಡಣೆಯೊಳಗೆ ಕಪ್ಪು ಪುಡಿ ಕಾಣುತ್ತದೆ. ವ್ಯಾಸವನ್ನು 12 ಮಿ.ಮೀ.ಗೆ ಏರಿಸುವುದು ಸರಿಯೆ?

ಉತ್ತರ 1:
ನೀವು ಕೊಟ್ಟ ವಿವರದಲ್ಲೇ ಕಾರಣ ಬಹುಮಟ್ಟಿಗೆ ಇದೆ. ನುಣುಪಾದ ಭಾಗವು ಬಿರುಕು ನಿಧಾನವಾಗಿ ಬೆಳೆದ ಜಾಗ, ಒರಟು ಭಾಗವು ಕೊನೆಗೆ ಒಮ್ಮೆಲೇ ಹರಿದ ಜಾಗ. ಅಂದರೆ ಇದು ಮತ್ತೆ ಮತ್ತೆ ಬಿದ್ದ ಹೊರೆಯಿಂದಾದ ಫಟೀಗ್ ಮುರಿತ. ಆದ್ದರಿಂದ ಇಳುವರಿ ಮಿತಿಯೊಡನೆ ಹೋಲಿಸುವುದರಿಂದ ಇಲ್ಲಿ ಏನೂ ತಿಳಿಯುವುದಿಲ್ಲ. ಕಪ್ಪು ಪುಡಿಯು ಎರಡು ಮೇಲ್ಮೈಗಳು ಸೂಕ್ಷ್ಮವಾಗಿ ಉಜ್ಜಿಕೊಳ್ಳುತ್ತಿರುವುದರ ಗುರುತು. ನಯಗೊಳಿಸಿದ ಮಾದರಿಯಲ್ಲಿ 500 ಮೆಗಾಪ್ಯಾಸ್ಕಲ್ ಆಸುಪಾಸಿನ ಫಟೀಗ್ ಮಿತಿಯನ್ನು (ಮತ್ತೆ ಮತ್ತೆ ಬಿದ್ದರೂ ಮುರಿಯದೆ ತಾಳುವ ಪ್ರತಿಬಲ) ತೋರಿಸುವ ಈ ಮಿಶ್ರಲೋಹ, ಇಂತಹ ಉಜ್ಜುವಿಕೆಗೆ ಸಿಕ್ಕಿದಾಗ ಅದರ ಅರ್ಧವನ್ನೂ ಉಳಿಸಿಕೊಳ್ಳದೆ ಹೋಗಬಹುದು. ಸ್ಕ್ರೂವಿಗಾಗಿ ನಡುವೆ ಕೊರೆದ ತೂತಿನ ಬಗ್ಗೆ ಹೆಚ್ಚು ಚಿಂತೆ ಬೇಡ: ಅದು 5 ಮಿ.ಮೀ. ಇದ್ದರೂ ಪ್ರತಿಬಲ ಶೇ. 5ರಷ್ಟೂ ಏರುವುದಿಲ್ಲ.

ಮೊದಲು ಪರೀಕ್ಷೆಯ ನಂತರ ಸ್ಕ್ರೂ ಬಿಚ್ಚಲು ಬೇಕಾದ ಟಾರ್ಕನ್ನು (ತಿರುಗಿಸುವ ಬಲವನ್ನು) ಅಳೆಯಿರಿ. ಅದು ಬಿಗಿದ ಟಾರ್ಕಿಗಿಂತ ಬಹಳ ಕಡಿಮೆಯಿದ್ದರೆ, ಜೋಡಣೆ ಸಡಿಲಗೊಂಡು ಉಜ್ಜುವಿಕೆ ಶುರುವಾಗಿದೆ ಎಂದೇ ತಿಳಿಯಬೇಕು. ಅಂಚಿನ ಚೂಪು ತಿರುವಿಗೆ ದೊಡ್ಡ ತ್ರಿಜ್ಯ ಕೊಡಿ.

ವ್ಯಾಸ 12ಕ್ಕೆ ಏರಿದರೆ ಪ್ರತಿಬಲ ಸುಮಾರು ಶೇ. 23ರಷ್ಟು ಇಳಿಯುತ್ತದೆ, ನಿಜ. ಆದರೂ ನಾನು ಅದನ್ನು ಒಪ್ಪುವುದಿಲ್ಲ. ಕಾಲು ಸಿಕ್ಕಿಕೊಂಡು ವ್ಯಕ್ತಿ ಬಿದ್ದಾಗ ಬರುವ ಹೊರೆ ನಡಿಗೆಯ ಹೊರೆಗಿಂತ ಬಹಳ ದೊಡ್ಡದು, ಮತ್ತು ಅದು ಎಲ್ಲೋ ಒಂದು ಕಡೆ ಏನನ್ನಾದರೂ ಬಾಗಿಸಿಯೇ ತೀರುತ್ತದೆ. ಅಬಟ್‌ಮೆಂಟ್ ಬಾಗದಷ್ಟು ಗಟ್ಟಿಯಾದರೆ ಆ ಹೊರೆ ಫಿಕ್ಸ್ಚರಿಗೋ ಮೂಳೆಗೋ ಹೋಗುತ್ತದೆ. ಬಾಗಿದ ಅಬಟ್‌ಮೆಂಟನ್ನು ಬದಲಿಸಬಹುದು; ಮೂಳೆಯೊಡನೆ ಬೆಸೆದುಕೊಂಡ ಫಿಕ್ಸ್ಚರ್ ಮುರಿದರೆ ಅಥವಾ ಮೂಳೆಯೇ ಸೀಳಿದರೆ ಆ ವ್ಯಕ್ತಿ ಕಳೆದುಕೊಳ್ಳುವುದು ಎಷ್ಟೋ ಹೆಚ್ಚು. ಸ್ವೀಡನ್ನಿನಲ್ಲಿ 1990ರಿಂದ ತೊಡೆಮೂಳೆಗೆ ಅಳವಡಿಸುತ್ತ ಬಂದಿರುವ ಥ್ರೆಡ್ ಮಾದರಿಯಲ್ಲಿ ಒಳಭಾಗ, ಹೊರಭಾಗಗಳನ್ನು ಬೇರೆಬೇರೆಯಾಗಿಯೇ ಮಾಡುತ್ತಾರೆ. ಅಲ್ಲದೆ, ಮಿತಿಮೀರಿದ ಹೊರೆಗೆ ಬಿಟ್ಟುಕೊಡುವ ಸುರಕ್ಷಾ ಜೋಡಣೆಯನ್ನು ಅಬಟ್‌ಮೆಂಟಿನ ಕೆಳಗೆ ಸೇರಿಸಬಹುದು.

ಉತ್ತರ 2:
ಫಿಕ್ಸ್ಚರನ್ನು ಪರೀಕ್ಷೆಯ ಹಿಡಿಕೆಯಲ್ಲಿ (ಮೂಳೆಯ ಬದಲಿಗೆ ಅದನ್ನು ಹಿಡಿದಿಡುವ ಭಾಗ) ಎಷ್ಟು ಆಳಕ್ಕೆ ಕೂರಿಸಿದ್ದೀರಿ ಎಂದು ನೀವು ಬರೆದಿಲ್ಲ. ಟೈಟಾನಿಯಂ ದಟ್ಟ ಮೂಳೆಗಿಂತ ಐದಾರು ಪಟ್ಟು ಬಿಗುವಾದ ಲೋಹವಾದ್ದರಿಂದ ಹೊರೆಯ ಹೆಚ್ಚಿನ ಪಾಲನ್ನು ತಾನೇ ಹೊರುತ್ತದೆ. ಹೊರೆ ತಪ್ಪಿದ ಮೂಳೆ ತುದಿಯಲ್ಲಿ ಕ್ರಮೇಣ ಕರಗಬಹುದು. ಆಗ ಬಾಗುವ ಹೊರೆ ಫಿಕ್ಸ್ಚರಿನ ಥ್ರೆಡ್ಡುಗಳ ಮೇಲೆ ಬೀಳುತ್ತದೆ. ಹಲ್ಲಿನ ಇಂಪ್ಲಾಂಟುಗಳಿಗಿರುವ ಐಎಸ್‌ಒ 14801 ಎಂಬ ಅಂತರರಾಷ್ಟ್ರೀಯ ಮಾನದಂಡದ ಪರೀಕ್ಷೆ ಇದೇ ಕಾರಣಕ್ಕೆ ಮೂಳೆಯ ಮಟ್ಟವನ್ನು 3 ಮಿ.ಮೀ. ಕೆಳಗಿಳಿಸಿ ಹಿಡಿಯಲು ಹೇಳುತ್ತದೆ. ತೊಡೆಗೆ ಅದೇ ಅಳತೆ ಸಾಕಾಗಬೇಕೆಂದಿಲ್ಲ, ಕ್ರಮವನ್ನಂತೂ ಅನುಸರಿಸಿ.

ಪ್ರಶ್ನೆ ಕೇಳಿದವರು:
ಫಿಕ್ಸ್ಚರನ್ನು ಪೂರ್ತಿ ಆಳಕ್ಕೆ ಕೂರಿಸಿದ್ದೆವು. ವ್ಯಾಸವನ್ನು 11ರಲ್ಲೇ ಇಟ್ಟು, ತ್ರಿಜ್ಯ ಹೆಚ್ಚಿಸಿ, ಕೆಲವು ಮಾದರಿಗಳಲ್ಲಿ ಥ್ರೆಡ್ ತೆರೆದಿಟ್ಟು ಪರೀಕ್ಷಿಸುತ್ತೇವೆ. ಬಿಚ್ಚುವ ಟಾರ್ಕಿನ ಅಳತೆಗಳನ್ನೂ ಇಲ್ಲಿಯೇ ಹಾಕುತ್ತೇನೆ.