ಒಬ್ಬರ ಅಡುಗೆ: ಲೆಕ್ಕ ಹಾಕಿದರೆ ಹೊರಗಿನ ಬರ್ಗರೇ ಅಗ್ಗ ಬರ್ತಿದೆ, ಎಲ್ಲಿ ತಪ್ಪುತ್ತಿದೆ?

ಒಂದೊಲೆ:
ಎಲ್ಲರಿಗೂ ನಮಸ್ಕಾರ. ಅಡುಗೆ ಒಬ್ಬರಿಗೆ ಮಾತ್ರ. ಒಂದೇ ಉರಿಯ ಗ್ಯಾಸ್ ಒಲೆ, 3 ಲೀಟರ್ ಕುಕ್ಕರ್, ಒಂದು ಬಾಣಲೆ, ಒಂದೇ ಬಾಗಿಲಿನ ಚಿಕ್ಕ ಫ್ರಿಜ್ ಇವೆ. ಮನೆಯಲ್ಲಿ ಮಾಡಿಕೊಂಡರೆ ಅಗ್ಗ ಅಂತ ಎಲ್ಲರೂ ಹೇಳ್ತಾರೆ. ಆದರೆ ತಿಂಗಳ ಕೊನೆಗೆ ದಿನಸಿ, ತರಕಾರಿ, ಗ್ಯಾಸ್ ಎಲ್ಲ ಕೂಡಿಸಿ, ಮನೆಯಲ್ಲಿ ಉಂಡ ಊಟಗಳಿಂದ ಭಾಗಿಸಿದರೆ ಒಂದೊಂದು ಊಟವೂ ಫಾಸ್ಟ್‌ಫುಡ್ ಅಂಗಡಿಯ ಅಗ್ಗದ ಬರ್ಗರ್‌ಗಿಂತ ದುಬಾರಿ ಬೀಳುತ್ತಿದೆ. ವಾರದಲ್ಲಿ ನಾಲ್ಕೈದು ಬಗೆ ಅಡುಗೆ ಮಾಡುವ ಯೋಜನೆ ಇರುತ್ತೆ, ಅರ್ಧ ತರಕಾರಿ ಬಾಡಿಹೋಗುತ್ತೆ. ಲೆಕ್ಕ ತಪ್ಪಾ, ಅಡುಗೆಯ ರೀತಿ ತಪ್ಪಾ? ಪ್ರಮಾಣ, ಸಮಯದ ಸಮೇತ ಹೇಳಿದರೆ ಉಪಕಾರ ಆಗುತ್ತೆ.

ತಕ್ಕಡಿ:
ಲೆಕ್ಕ ಸರಿ ಇದೆ. ತಪ್ಪಿರೋದು ಆ ಬಾಡಿಹೋದ ಅರ್ಧದಲ್ಲಿ. ತಂದದ್ದರಲ್ಲಿ ಕಾಲು ಭಾಗ ಎಸೆದರೆ ಉಳಿದದ್ದರ ಬೆಲೆ ಮೂರನೇ ಒಂದು ಭಾಗ ಏರಿದ ಹಾಗೆ. ಅರ್ಧ ಎಸೆದರೆ ಎರಡು ಪಟ್ಟು. ಯಾವ ಅಂಗಡಿಯ ರಿಯಾಯಿತಿಯೂ ಇದನ್ನು ತುಂಬಿಕೊಡೋದಿಲ್ಲ. ಹಾಗಾಗಿ ಕೆಜಿಗೆ ಎಷ್ಟು ಅಂತ ನೋಡೋದು ಬಿಟ್ಟು, ತಟ್ಟೆಗೆ ಬಂದ 100 ಗ್ರಾಂಗೆ ಎಷ್ಟು ಬಿತ್ತು ಅಂತ ನೋಡಿ. ಇಡೀ ಕೋಳಿ ಅಗ್ಗ ಕಾಣುತ್ತೆ, ಆದರೆ ಸುಮಾರು ಮೂರನೇ ಒಂದು ಭಾಗ ಮೂಳೆ. ಆ ಮೂಳೆಯನ್ನು ಕುದಿಸಿ ಸೂಪ್ ಮಾಡುವವರಿಗೆ ಲಾಭ, ಎಸೆಯುವವರಿಗೆ ಮೂಳೆ ತೆಗೆದ ಮಾಂಸದ ಜೊತೆ ಹೋಲಿಸಿ ನೋಡಬೇಕಾಗುತ್ತೆ. ಕಾಳುಗಳದ್ದು ಉಲ್ಟಾ: 100 ಗ್ರಾಂ ಒಣ ಕಡಲೆಕಾಳು ಬೆಂದಾಗ 220ರಿಂದ 250 ಗ್ರಾಂ ಆಗುತ್ತೆ. ಅಕ್ಕಿ ಹೆಚ್ಚುಕಡಿಮೆ ಮೂರು ಪಟ್ಟು.

ಇನ್ನು ಹೋಲಿಕೆ. 100 ಗ್ರಾಂ ಅಕ್ಕಿ, 60 ಗ್ರಾಂ ಬೇಳೆ, 150 ಗ್ರಾಂ ತರಕಾರಿ, 10 ಗ್ರಾಂ ಎಣ್ಣೆ ಸೇರಿದರೆ ಸುಮಾರು 700 ಕ್ಯಾಲೊರಿ, 20 ಗ್ರಾಂಗಿಂತ ಹೆಚ್ಚು ಪ್ರೋಟೀನ್. ಮೇಲೊಂದು ಮೊಟ್ಟೆ ಇಟ್ಟರೆ ಇನ್ನೂ 70 ಕ್ಯಾಲೊರಿ, 6 ಗ್ರಾಂ ಪ್ರೋಟೀನ್. ಅಗ್ಗದ ಸಣ್ಣ ಬರ್ಗರ್ ಒಂದರಲ್ಲಿ ಇಷ್ಟು ಇರೋದಿಲ್ಲ. ಎರಡು ಗಂಟೆಯಲ್ಲಿ ಮತ್ತೆ ಹಸಿವಾಗಿ ಇನ್ನೇನೋ ತಿಂದರೆ ಅದನ್ನೂ ಆ ಊಟದ ಲೆಕ್ಕಕ್ಕೇ ಬರೆಯಿರಿ. ಒಂದು ಊಟವನ್ನು ಒಂದು ಊಟದ ಜೊತೆಗೇ ತೂಗಬೇಕು.

ಒಂದು ಮಾತು ಒತ್ತಿ ಹೇಳ್ತೀನಿ: ಫಾಸ್ಟ್‌ಫುಡ್ಡನ್ನೇ ಮನೆಯಲ್ಲಿ ಮಾಡಲು ಹೋಗಬೇಡಿ. ಒಬ್ಬರಿಗೆ ಫ್ರೆಂಚ್ ಫ್ರೈಸ್ ಕರಿಯೋಕೆ ಬಾಣಲೆಗೆ ಮುಕ್ಕಾಲು ಲೀಟರ್ ಎಣ್ಣೆ ಬೇಕು, ಬರ್ಗರ್‌ಗೆ ಬನ್ನು, ಸಾಸು, ಚೀಸು ಅಂತ ನಾಲ್ಕು ಪೊಟ್ಟಣ ಒಡೆಯಬೇಕು. ಅಂಗಡಿಯವರು ಅದೇ ಎಣ್ಣೆಯಲ್ಲಿ ನೂರಾರು ಜನರಿಗೆ ಕರಿಯುತ್ತಾರೆ. ಆ ಆಟದಲ್ಲಿ ಮನೆಯ ಬಾಣಲೆ ಗೆಲ್ಲೋದಿಲ್ಲ. ಮನೆ ಗೆಲ್ಲೋದು ಅನ್ನ, ಬೇಳೆ, ಕಾಳು, ಮೊಟ್ಟೆ, ಆಲೂಗಡ್ಡೆಯಲ್ಲಿ.

ಕಾಳುಕಡ್ಡಿ:
ತಕ್ಕಡಿಯವರ ಮಾತಿಗೆ ಸೇರಿಸ್ತೀನಿ. ವಾರಕ್ಕೆ ನಾಲ್ಕೈದು ಅಡುಗೆ ಬೇಡ. ಒಂದು ಮಸಾಲೆ ಬುಡ (ಯಾವ ಅಡುಗೆಗೂ ಬಳಸಬಹುದಾದ ಹುರಿದ ಈರುಳ್ಳಿ-ಟೊಮೆಟೊ), ಎರಡು ಬಗೆಯ ಬೆಂದ ಕಾಳು, ಇಷ್ಟು ಸಿದ್ಧ ಇದ್ದರೆ ಊಟ ಬದಲಾಯಿಸೋದು ಸುಲಭ.

ಬುಡಕ್ಕೆ: 1 ಕೆಜಿ ಈರುಳ್ಳಿ ತೆಳ್ಳಗೆ ಹೆಚ್ಚಿ, 4 ಟೇಬಲ್ ಚಮಚ ಎಣ್ಣೆ, 1 ಟೀ ಚಮಚ ಉಪ್ಪು ಹಾಕಿ, ಮಧ್ಯಮ ಉರಿಯಲ್ಲಿ 10 ನಿಮಿಷ ಮುಚ್ಚಿಡಿ. ಉಪ್ಪಿಗೆ ಈರುಳ್ಳಿ ನೀರು ಬಿಟ್ಟು ಕುಗ್ಗುತ್ತೆ. ಆಮೇಲೆ ಮುಚ್ಚಳ ತೆಗೆದು 25ರಿಂದ 30 ನಿಮಿಷ, ಆಗಾಗ ಕೈಯಾಡಿಸುತ್ತಾ, ಹೊಂಬಣ್ಣ ಬರುವವರೆಗೆ ಹುರಿಯಿರಿ. ಬಾಣಲೆ ಚಿಕ್ಕದಾದರೆ ಎರಡು ಸಲ ಮಾಡಿ. ಒತ್ತೊತ್ತಾಗಿ ತುಂಬಿದರೆ ಹಬೆಯಲ್ಲೇ ಬೇಯುತ್ತೆ, ಬಣ್ಣ ಬರೋದಿಲ್ಲ. ಆತುರಪಟ್ಟು ಉರಿ ಜೋರು ಮಾಡಿದರೆ ಅಂಚು ಕರಿದಾಗಿ ಒಳಗೆ ಹಸಿ ವಾಸನೆ ಉಳಿಯುತ್ತೆ, ಆ ಕಹಿ ಆಮೇಲೆ ಹಾಕಿದ ಯಾವುದರಿಂದಲೂ ಹೋಗೋದಿಲ್ಲ. ಬೆಳ್ಳುಳ್ಳಿ, ಅರ್ಧ ಕೆಜಿ ಟೊಮೆಟೊ ಹಾಕಿ, ಎಣ್ಣೆ ಬದಿಗೆ ಬಿಡುವವರೆಗೆ ಇನ್ನೊಂದು 15 ನಿಮಿಷ ಇಡಿ. ತೂಕ ಅರ್ಧಕ್ಕೆ ಇಳಿದಿರುತ್ತೆ. 8 ಪಾಲು ಮಾಡಿ, ಚಪ್ಪಟೆಯಾಗಿ ಪೊಟ್ಟಣ ಕಟ್ಟಿ ಐಸ್ ಪೆಟ್ಟಿಗೆಗೆ ಹಾಕಿ. ಚಪ್ಪಟೆ ಯಾಕೆಂದರೆ ಬೇಗ ಹೆಪ್ಪುಗಟ್ಟುತ್ತೆ, ಬೇಕಾದಾಗ ಬಾಣಲೆಯಲ್ಲೇ ಐದು ನಿಮಿಷಕ್ಕೆ ಕರಗುತ್ತೆ. ಒಂದೇ ಬಾಗಿಲಿನ ಫ್ರಿಜ್‌ನ ಐಸ್ ಪೆಟ್ಟಿಗೆ ಸಾಮಾನ್ಯವಾಗಿ ಮೈನಸ್ 18 ಡಿಗ್ರಿಗೆ ಇಳಿಯೋದಿಲ್ಲ, ಆದ್ದರಿಂದ ಎರಡು ವಾರದೊಳಗೆ ಮುಗಿಸಿ.

ಒಂದು ಪಾಲು ಬುಡಕ್ಕೆ 200 ಗ್ರಾಂ ಬೆಂದ ಕಾಳು ಹಾಕಿದರೆ ಗ್ರೇವಿ. ನೀರು ಹೆಚ್ಚಿಸಿ ಆಲೂಗಡ್ಡೆ ಹಾಕಿದರೆ ಸೂಪ್. ಎರಡು ಮೊಟ್ಟೆ ಒಡೆದು ಮುಚ್ಚಿಟ್ಟರೆ 6 ನಿಮಿಷಕ್ಕೆ ಊಟ ಸಿದ್ಧ.

ತರಕಾರಿ ಬಾಡುವ ವಿಷಯ: ಸೊಪ್ಪು, ಸೌತೆ, ಟೊಮೆಟೊ ಮೊದಲ ಮೂರು ದಿನದ ಅಡುಗೆಗೆ. ಕೋಸು, ಕ್ಯಾರೆಟ್, ಕುಂಬಳಕಾಯಿ ವಾರದ ಕೊನೆಗೆ. ಸೊಪ್ಪು ತೊಳೆದರೆ ನೀರು ಪೂರ್ತಿ ಆರಿದ ಮೇಲೆ ಬಟ್ಟೆಯಲ್ಲಿ ಸುತ್ತಿಡಿ, ಕೊಳೆಯೋಕೆ ಶುರುವಾಗೋದೇ ಉಳಿದ ನೀರಿನಿಂದ. ಆಲೂಗಡ್ಡೆ ಫ್ರಿಜ್‌ನಲ್ಲಿ ಬೇಡ. ತಣ್ಣಗೆ ಇದ್ದಷ್ಟೂ ಅದರ ಪಿಷ್ಟ ಸಕ್ಕರೆಯಾಗುತ್ತೆ, ಹುರಿದಾಗ ಬೇಯುವ ಮೊದಲೇ ಕಂದಾಗುತ್ತೆ. ಕತ್ತಲೆ ಇರುವ, ಗಾಳಿಯಾಡುವ ಕಡೆ ಇಡಿ, ಈರುಳ್ಳಿಯಿಂದ ದೂರ.

ರಾತ್ರಿಪಾಳಿ:
ಒಂದು ವಿಷಯ ಒಪ್ಪೋದಿಲ್ಲ. ಎಲ್ಲ ಊಟವೂ ಮನೆಯಲ್ಲೇ ಅಂತ ಹಟ ಹಿಡಿದರೆ ದುಡಿದು ದಣಿದ ದಿನ ಅದು ಮುರಿದುಬೀಳುತ್ತೆ, ಆಗ ಡೆಲಿವರಿ ಆರ್ಡರ್ ಹೋಗುತ್ತೆ. ಅದೇ ಎಲ್ಲಕ್ಕಿಂತ ದುಬಾರಿ: ತಲುಪಿಸುವ ಶುಲ್ಕ, ಪ್ಯಾಕಿಂಗ್, ಕನಿಷ್ಠ ಮೊತ್ತ ತುಂಬಿಸಲು ಹಾಕಿದ ಬೇಡದ ಐಟಂ. ವಾರಕ್ಕೆ ಒಂದೋ ಎರಡೋ ಹೊರಗಿನ ಊಟ ಮೊದಲೇ ಲೆಕ್ಕಕ್ಕೆ ಸೇರಿಸಿಟ್ಟುಕೊಳ್ಳಿ, ನಡೆದುಹೋಗಿ ತನ್ನಿ. ಮುಖ್ಯ ಐಟಂ ಮಾತ್ರ ತನ್ನಿ, ಕಾಂಬೊ ಬೇಡ. ಅದರ ಜೊತೆ ಬರುವ ಕೋಲಾ 350 ಮಿಲಿ ಆದರೆ ಅದರಲ್ಲಿ ಸುಮಾರು 35ರಿಂದ 40 ಗ್ರಾಂ ಸಕ್ಕರೆ ಇರುತ್ತೆ, ಹೊಟ್ಟೆ ತುಂಬೋದಿಲ್ಲ. ಅನ್ನ ಮನೆಯಲ್ಲಿ ಮಾಡಿಕೊಂಡು, ಜೊತೆಗೆ ತಿನ್ನೋದನ್ನು ಮಾತ್ರ ಹೊರಗಿಂದ ತಂದರೂ ಬಿಲ್ಲು ತುಂಬಾ ಇಳಿಯುತ್ತೆ.

ಒಂದೊಲೆ:
ಎಲ್ಲರಿಗೂ ಧನ್ಯವಾದ. ಎರಡು ಅನುಮಾನ. ಕಡಲೆಕಾಳು ರಾತ್ರಿಯಿಡೀ ನೆನೆಸಿದರೂ ಒಮ್ಮೊಮ್ಮೆ ಬೇಯೋದೇ ಇಲ್ಲ, ಗ್ಯಾಸ್ ಖರ್ಚಾಗುತ್ತೆ, ಯಾಕೆ? ರಾತ್ರಿ ಉಳಿದ ಅನ್ನ ಕುಕ್ಕರ್‌ನಲ್ಲೇ ಬಿಟ್ಟು ಬೆಳಿಗ್ಗೆ ಹುರಿದು ತಿನ್ನಬಹುದಾ?

ಕಾಳುಕಡ್ಡಿ:
ಕಾಳು ಗಟ್ಟಿ ಉಳಿಯೋಕೆ ಮುಖ್ಯವಾಗಿ ಮೂರು ಕಾರಣ. ಒಂದು, ಕಾಳು ಹಳೆಯದು. ಬಿಸಿ, ತೇವದಲ್ಲಿ ಬಹಳ ಕಾಲ ಕೂತ ಕಾಳನ್ನು ಎಷ್ಟು ಬೇಯಿಸಿದರೂ ಪೂರ್ತಿ ಮೆತ್ತಗಾಗೋದಿಲ್ಲ. ಹಾಗಾಗಿ ಅಗ್ಗ ಅಂತ ಒಂದೇ ಸಲ 5 ಕೆಜಿ ತರಬೇಡಿ. ಎರಡು, ಗಡಸು ನೀರು. ಅದರ ಕ್ಯಾಲ್ಸಿಯಂ ಕಾಳಿನ ಪೆಕ್ಟಿನ್‌ಗೆ (ಕಾಳಿನ ಕೋಶಗಳನ್ನು ಹಿಡಿದಿಡುವ ಅಂಟಿಗೆ) ಸೇರಿಕೊಂಡು ಅದನ್ನು ಬಿಗಿ ಮಾಡುತ್ತೆ. ಮೂರು, ಹುಳಿ. ಟೊಮೆಟೊ, ನಿಂಬೆ ಯಾವುದೂ ಕಾಳು ಬೇಯುವ ಮೊದಲು ಬೀಳಬಾರದು.

ಉಪ್ಪು ಹಾಕಿದರೆ ಬೇಯೋದಿಲ್ಲ ಅನ್ನೋ ಮಾತು ಮಾತ್ರ ನಿಜವಲ್ಲ. 1 ಲೀಟರ್ ನೀರಿಗೆ 15 ಗ್ರಾಂ ಉಪ್ಪು ಹಾಕಿ 8 ಗಂಟೆ ನೆನೆಸಿದರೆ ಸಿಪ್ಪೆ ಇನ್ನೂ ಮೃದುವಾಗುತ್ತೆ. ನೆನೆಸಿದ ನೀರು ಚೆಲ್ಲಿ, 250 ಗ್ರಾಂ ಒಣ ಕಾಳಿನ ಲೆಕ್ಕಕ್ಕೆ ಕಾಲು ಟೀ ಚಮಚ ಅಡುಗೆ ಸೋಡಾ ಹಾಕಿ, ಕುಕ್ಕರ್ ಅರ್ಧಕ್ಕಿಂತ ಹೆಚ್ಚು ತುಂಬದ ಹಾಗೆ ನೋಡಿಕೊಳ್ಳಿ. ಹೆಚ್ಚಾದರೆ ನೊರೆ ಉಕ್ಕಿ ವೆಯ್ಟ್‌ನ ತೂತಿಗೆ ಕಟ್ಟಿಕೊಳ್ಳುತ್ತೆ. ಒತ್ತಡ ಬಂದ ಕೂಡಲೇ ಉರಿ ಸಣ್ಣ ಮಾಡಿ 15ರಿಂದ 20 ನಿಮಿಷ. ಒತ್ತಡ ಬಂದಾಗ ಕುಕ್ಕರ್ ಒಳಗಿನ ಶಾಖ ಸುಮಾರು 120 ಡಿಗ್ರಿ. ಉರಿ ಜೋರು ಮಾಡಿದರೆ ಅದು ಏರೋದಿಲ್ಲ, ವಿಸಿಲ್‌ನಲ್ಲಿ ಹಬೆ ಆಗಿ ಹೋಗುತ್ತೆ, ಗ್ಯಾಸ್ ಖಾಲಿಯಾಗೋದು ಅಲ್ಲೇ. ಒತ್ತಡ ತಾನಾಗಿ ಇಳಿಯುವವರೆಗೆ ಬಿಡಿ, ಆ ಹತ್ತು ನಿಮಿಷದ ಬೇಯುವಿಕೆಗೆ ಗ್ಯಾಸ್ ಬೇಕಿಲ್ಲ.

ಕೆಂಪು ರಾಜ್ಮಾ ಬಗ್ಗೆ ಎಚ್ಚರ. ಹಸಿ ರಾಜ್ಮಾದಲ್ಲಿ ವಾಂತಿ ಭೇದಿ ತರುವ ಲೆಕ್ಟಿನ್ ಅನ್ನೋ ಪ್ರೋಟೀನ್ ಇರುತ್ತೆ. ನೆನೆಸಿದ ನೀರು ಚೆಲ್ಲಿ, ಕನಿಷ್ಠ 10 ನಿಮಿಷ ಕುದಿಯಲೇಬೇಕು. ಕುಕ್ಕರ್‌ನಲ್ಲಿ ತೊಂದರೆ ಇಲ್ಲ. ಸಣ್ಣ ಶಾಖದಲ್ಲಿ ಗಂಟೆಗಟ್ಟಲೆ ಇಡುವ ಸ್ಲೋ ಕುಕ್ಕರ್‌ನಲ್ಲಿ ಹಸಿ ರಾಜ್ಮಾ ನೇರವಾಗಿ ಹಾಕಬೇಡಿ.

ತಕ್ಕಡಿ:
ಅನ್ನ ಕುಕ್ಕರ್‌ನಲ್ಲೇ ಬಿಡೋದು ಖಂಡಿತ ಬೇಡ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಕಣ ಇರಬಹುದು, ಬೇಯಿಸಿದರೂ ಅವು ಸಾಯೋದಿಲ್ಲ. ಬೆಚ್ಚಗಿನ ಅನ್ನದಲ್ಲಿ ಚಿಗುರಿ ವಿಷ ಬಿಡುತ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಹುರಿದರೂ ನಾಶವಾಗೋದಿಲ್ಲ. ವಾಸನೆ, ರುಚಿಯಲ್ಲಿ ಗೊತ್ತಾಗೋದೂ ಇಲ್ಲ.

ಉಂಡ ಕೂಡಲೇ ಉಳಿದ ಅನ್ನವನ್ನು ಅಗಲ ತಟ್ಟೆಗೆ, ಎರಡು ಬೆರಳಷ್ಟು ದಪ್ಪಕ್ಕೆ ಹರಡಿ. ಒಂದು ಗಂಟೆಯೊಳಗೆ ಡಬ್ಬಿಗೆ ತುಂಬಿ ಫ್ರಿಜ್‌ಗೆ. ಫ್ರಿಜ್ 4 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇರಲಿ. ಮಾರನೇ ದಿನವೇ ಮುಗಿಸಿ, ಒಂದೇ ಸಲ ಬಿಸಿ ಮಾಡಿ, ಹಬೆ ಏಳುವಷ್ಟು. ಬೆಂದ ಕಾಳಾದರೆ 3ರಿಂದ 4 ದಿನ ಇರುತ್ತೆ.

ಹಾಗೆ ತಣ್ಣಗಾದ ಅನ್ನ ಹುರಿಯೋಕೂ ಒಳ್ಳೇದು, ಬಿಸಿ ಅನ್ನದ ಹಾಗೆ ಮುದ್ದೆ ಕಟ್ಟೋದಿಲ್ಲ. 1 ಟೇಬಲ್ ಚಮಚ ಎಣ್ಣೆ ಚೆನ್ನಾಗಿ ಕಾಯಲಿ, 2 ಮೊಟ್ಟೆ ಒಡೆದು ಕದಡಿ ಬದಿಗೆ ತಳ್ಳಿ, ಸಣ್ಣಗೆ ಹೆಚ್ಚಿದ ಕೋಸು, ಕ್ಯಾರೆಟ್ ಒಂದು ಹಿಡಿ ಹಾಕಿ 2 ನಿಮಿಷ ಹುರಿದು, ಉದುರು ಮಾಡಿದ 300 ಗ್ರಾಂ ಅನ್ನ ಸೇರಿಸಿ ಜೋರು ಉರಿಯಲ್ಲಿ 4 ನಿಮಿಷ. ಉಪ್ಪು ಕೊನೆಗೆ. ಮೊದಲೇ ಹಾಕಿದರೆ ತರಕಾರಿ ನೀರು ಬಿಟ್ಟು ಅನ್ನ ಮೆತ್ತಗಾಗುತ್ತೆ.